ಮೈನಸ್ ಒಂದು

ಎರಡು-ಮೂರರಿಂದ ಒಂಬತ್ತು-ಆರರ ತನಕ
ಒಂದು ಗೆರೆ ಎಳೆಯಿರಿ ಅಂದರು ಪಂಪಾಪತಿ ಸರ್.
ಕರೆಂಟು ಇರಲಿಲ್ಲ. ಯುಪಿಎಸ್ಸು ಮೂರು ಸಲ ಕಿರುಚಿ ಸುಮ್ಮನಾಗಿತ್ತು.
ಹನ್ನೊಂದು ಮಾನಿಟರುಗಳ ಕಪ್ಪು ಗಾಜಿನೊಳಗೆ
ನಾವು ಇಪ್ಪತ್ತಮೂರು ಮಂದಿ, ಎಂ.ಎಸ್ಸಿ. ಮೊದಲ ವರ್ಷ,
ಏಪ್ರಿಲ್ ತಿಂಗಳ ಬಳ್ಳಾರಿಯನ್ನು
ನೋಟ್‌ಬುಕ್ಕಿನ ರಟ್ಟಿನಿಂದ ಬೀಸಿ ಅತ್ತ ಕಳಿಸುತ್ತಿದ್ದೆವು.
ಅದು ಹೋಗುತ್ತಿರಲಿಲ್ಲ.

ಸ್ಕೇಲು ತೆಗೆದೆ.
"ಒಳಗಿಡವ್ವ" ಅಂದರು ಸರ್. "ಪರದೆಗೆ ಗೆರೆ ಗೊತ್ತಿಲ್ಲ,
ಅದಕ್ಕೆ ಗೊತ್ತಿರೋದು ಬರೀ ಮನೆ."
ಗ್ರಾಫ್ ಹಾಳೆ ಹಂಚಿದರು, ಇಬ್ಬರಿಗೊಂದು.

ಗೆರೆ ಎರಡು ಮನೆಗಳ ನಡುವೆ ಹಾದಾಗಲೆಲ್ಲ
ನಾವೇ ತೀರ್ಮಾನಿಸಬೇಕು, ಪಕ್ಕದ ಮನೆಯೋ, ಮೇಲಿನದೋ.
ಅದಕ್ಕೊಂದು ಲೆಕ್ಕ. ಭಾಗಾಕಾರ ಇಲ್ಲ, ದಶಾಂಶ ಇಲ್ಲ,
ಕಿರಾಣಿ ಅಂಗಡಿ ಹುಡುಗ ಬೆರಳಲ್ಲಿ ಮಾಡುವಂಥ ಕೂಡು, ಕಳೆ.
ಎಷ್ಟು ತಪ್ಪಿದೆವು ಎಂಬುದನ್ನು ಒಂದು ಅಂಕಿಯಾಗಿ ಗಂಟುಕಟ್ಟಿ
ಮುಂದಿನ ಮನೆಗೆ ಒಯ್ಯುವುದು.
ಸೊನ್ನೆಗಿಂತ ಕೆಳಗಿದ್ದರೆ ನೇರ ನಡೆ, ಆರು ಕೂಡು.
ಇಲ್ಲವೋ, ಒಂದು ಮೆಟ್ಟಿಲು ಹತ್ತು, ಎಂಟು ಕಳೆ.

ಮೈನಸ್ ಒಂದು. ಐದು. ಮೈನಸ್ ಮೂರು.
ಮೂರು. ಮೈನಸ್ ಐದು. ಒಂದು.
ಮೈನಸ್ ಏಳು.
ಮುಟ್ಟುವ ಹೊತ್ತಿಗೆ ಮತ್ತೆ ಮೈನಸ್ ಒಂದು.
ಹೊರಟಾಗ ಕೈಲಿದ್ದ ತಪ್ಪೇ ಬಂದಾಗಲೂ ಕೈಲಿ.
ಸರ್‌ಗೆ ತೋರಿಸಿದೆ. "ಹಂಗೇ ಇರಬೇಕು" ಅಂದು
ಪೆನ್ನಿನ ಮುಚ್ಚಳದಿಂದ ಕಿವಿ ತುರಿಸಿಕೊಂಡರು.

ಎಂಟು ಮನೆ ಪೆನ್ಸಿಲಿನಿಂದ ಕಪ್ಪು ಮಾಡಿದ್ದೆ,
ಎರಡೆರಡರಂತೆ ನಾಲ್ಕು ಮೆಟ್ಟಿಲು.
"ಇದು ಯಾವ ಸೀಮೆ ಗೆರೆ? ಕೋಟೆ ಗುಡ್ಡ ಹತ್ತೋ ದಾರಿ ಇದ್ದಂಗದ"
ಅಂದಳು, ಅರ್ಧ ಹಾಳೆಯ ಒಡತಿ ಹುಲಿಗೆಮ್ಮ.

ಸಂಜೆ ಎರಡನೇ ಗೇಟಿನಲ್ಲಿ
ಅದಿರಿನ ಗೂಡ್ಸು ದಾಟಿ ಮುಗಿಯುವವರೆಗೆ ನಿಂತು
ಐವತ್ತೆಂಟು ಡಬ್ಬಿ ಎಣಿಸಿ ಕೌಲ್ ಬಜಾರಿಗೆ ಹೋದೆ.
ಜೀನ್ಸ್ ಶೆಡ್ಡಿನಲ್ಲಿ ಅವ್ವ ದಾರದ ತುದಿ ಕತ್ತರಿಸುತ್ತಾಳೆ,
ನೀಲಿ ಬೆರಳು, ನೀಲಿ ಸೆರಗು, ಸೀನಿದರೂ ನೀಲಿ.
ನಾನೂ ಪಕ್ಕದಲ್ಲಿ ಒಂದು ಕತ್ತರಿ.
ಅತ್ತ ಹೊನ್ನೂರ್ ಸಾಬ್, ಕಟಿಂಗ್ ಮಾಸ್ಟರು,
ಅರವತ್ತು ಪದರ ಬಟ್ಟೆಯ ಮೇಲೆ ಸೀಮೆಸುಣ್ಣದ ತೊಡೆ, ಸೊಂಟ,
ಮನುಷ್ಯರನ್ನು ಚಪ್ಪಟೆ ಬಿಡಿಸಿ ಹಾಸಿದ ಹಾಗೆ.

ಮಿಷಿನ್ನು ಗುರ್ರೆನ್ನುತ್ತದೆ. ಬ್ಲೇಡು ತಪ್ಪಿದರೆ? ಅಂತ ಕೇಳಿದೆ.
"ತಪ್ಪತೈತಿ. ಒಂದು ನೂಲು ಆಕಡಿ ಹೋತಂದ್ರ ನಿಲ್ಲಿಸಬಾರ್ದವ್ವ,
ನೆಪ್ಪಿಟ್ಕೊಂಡು ಮುಂದಿನ ತಿರುವಿನ್ಯಾಗ
ಒಂದು ನೂಲು ಈಕಡಿ ತರ್ಬೇಕು."
ಹೇಳುವಾಗ ಕಣ್ಣು ಎತ್ತಲಿಲ್ಲ.

ನೂಲು ಎಣಿಸುವ ಪುಟ್ಟ ಭೂತಗನ್ನಡಿ ಇದೆ ಅವರ ಹತ್ತಿರ.
ಇಸಕೊಂಡು ಒಂದು ತುಂಡಿನ ಮೇಲಿಟ್ಟು ಬಗ್ಗಿದೆ.
ಇಷ್ಟು ವರ್ಷ ಉಟ್ಟಿದ್ದೇನೆ, ಒಗೆದಿದ್ದೇನೆ, ದಾರ ಕಿತ್ತಿದ್ದೇನೆ,
ಜೀನ್ಸಿನ ಮೈಮೇಲೆ ಓರೆ ಗೆರೆಗಳು ಅಂತಲೇ ತಿಳಿದಿದ್ದೆ.
ಒಂದೂ ಗೆರೆ ಇರಲಿಲ್ಲ.
ಬಿಳಿ ನೂಲು ಒಂದರ ಮೇಲೆ, ಮೂರರ ಕೆಳಗೆ,
ಮುಂದಿನ ಸಾಲಿಗೆ ಒಂದು ಮನೆ ಸರಿದು
ಮತ್ತೆ ಒಂದರ ಮೇಲೆ, ಮೂರರ ಕೆಳಗೆ.
ಎಲ್ಲ ಮೆಟ್ಟಿಲು. ಎಲ್ಲೆಲ್ಲೂ ಮೆಟ್ಟಿಲು.

ಗ್ರಾಫ್ ಹಾಳೆ ತೆಗೆದು ಅವ್ವನಿಗೆ ತೋರಿಸಿದೆ.
"ಕಸೂತಿ ಏನ? ಅರ್ಧಕ್ಕ ಬಿಟ್ಟೀಯಲ್ಲ" ಅಂದಳು.
ಗೆರೆ ಅಂದೆ.
"ಇಷ್ಟುದ್ದದ ಗೆರಿಗೆ ಎರಡು ವರ್ಷದ ಫೀಜಾ?"
ನಾನು ಉತ್ತರ ಹುಡುಕುವಷ್ಟರಲ್ಲಿ
ಅವಳು ಇನ್ನೆರಡು ಪ್ಯಾಂಟು ಮುಗಿಸಿದ್ದಳು.

ಮಾರನೇ ದಿನ ಒಗ್ಗರಣೆ ಮಂಡಕ್ಕಿ ಮಿರ್ಚಿ ತಿಂದು
ಎಣ್ಣೆ ಬೆರಳು ಚೂಡಿದಾರಕ್ಕೆ ಒರೆಸಿ ಲ್ಯಾಬಿಗೆ ಬಂದರೆ
ಕರೆಂಟು ಇದೆ.
ಹನ್ನೆರಡು ಸಾಲಿನ ಪ್ರೋಗ್ರಾಮು, ಎರಡು ಸಲ ಸೆಮಿಕೋಲನ್ ಮರೆತು,
ಮೂರನೇ ಸಲಕ್ಕೆ ಓಡಿತು.
ಪರದೆ ಪೂರಾ ಕಪ್ಪು. ನನ್ನ ಎಂಟು ಚುಕ್ಕಿ
ಎಡಗಡೆ ಮೂಲೆಯಲ್ಲಿ, ಒಂದು ರೆಪ್ಪೆಗೂದಲಿನ ತುದಿಯಷ್ಟು.

ಪಂಪಾಪತಿ ಸರ್ ಬಂದು ನೋಡಿದರು.
ಕನ್ನಡಕ ಏರಿಸಿ ನೋಡಿದರು.
ಧೂಳು ಅಂದುಕೊಂಡು ಕರ್ಚೀಫಿನಿಂದ ಒರೆಸಿದರು.

ಹೋಗಲಿಲ್ಲ.